ಒಂದು ಮನೆಯ ನಡೆ

ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಹೇಳುವ ಲಿಂಗಗಳಲ್ಲಿ ಉಪಕ್ರಮೋಪಸಂಹಾರಗಳು ಮೊದಲನೆಯವು. ಚದುರಂಗದಲ್ಲಿಯೂ ಉಪಕ್ರಮಕ್ಕೆ ಇಂಥದೇ ಗೌರವವುಂಟು. ಯೂರೋಪಿನವರು ಮೊದಲ ಹತ್ತು ಹದಿನೈದು ನಡೆಗಳಿಗೇ ಶಾಸ್ತ್ರವನ್ನು ರಚಿಸಿ, ಒಂದೊಂದು ಕ್ರಮಕ್ಕೂ ಹೆಸರಿಟ್ಟಿದ್ದಾರೆ. ಹಾಗಾದರೆ ಆ ಶಾಸ್ತ್ರದಲ್ಲಿ ಬೆಳೆಯದವನ ಗತಿಯೇನು? ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠಮಾಡಿ, ಮೂವತ್ತು ವರ್ಷ ಹುಡುಗರಿಂದಲೂ ಮಾಡಿಸಿದ ನನಗೆ ಇದು ಲಘುವಾದ ಪ್ರಶ್ನೆಯಲ್ಲ. ಶ್ಲೋಕವನ್ನು ಒಪ್ಪಿಸಲಾರದೆ ತಲೆತಗ್ಗಿಸಿ ನಿಂತು, ಅರ್ಥವನ್ನು ಮಾತ್ರ ಥಟ್ಟನೆ ಹೇಳಿಬಿಡುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ಅವರ ನೆನಪಾದಾಗಲೆಲ್ಲ ಹಲಗೆಯನ್ನು ಹಾಸಿ ಹಳೆಯದೊಂದು ಆಟವನ್ನು ನಡೆನಡೆಯಾಗಿ ಆಡಿ ನೋಡುತ್ತೇನೆ.

ಅದು 1930–31ರ ಚಳಿಗಾಲದಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದ ಪಂದ್ಯಾವಳಿಯಲ್ಲಿ ನಡೆದುದು. ಕರಿಯ ಕಾಯಿಗಳು 1921ರಿಂದ 1927ರವರೆಗೆ ಜಗಜ್ಜೇತರಾಗಿದ್ದ ಕ್ಯೂಬಾ ದೇಶದ ಕಾಪಬ್ಲಾಂಕಾ ಅವರವು. ಬಿಳಿಯವು ಪಂಜಾಬಿನ ಮೀರ್ ಸುಲ್ತಾನ್ ಖಾನರವು. ಖಾನರು ಬಾಲ್ಯದಲ್ಲಿ ಕಲಿತದ್ದು ದೇಶೀಯ ಕ್ರಮದ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯಬೇಕು. ಯೂರೋಪಿನ ಕ್ರಮದಲ್ಲಿ ಎರಡು ಮನೆ ಹೋಗಬಹುದು. ಈ ಒಂದು ಭೇದದಿಂದಲೇ ಉಪಕ್ರಮವೆಲ್ಲ ಬೇರೆಯಾಗುತ್ತದೆ. ಅವರು ತಮ್ಮ ಆಶ್ರಯದಾತರಾದ ಸರ್ ಉಮರ್ ಹಯಾತ್ ಖಾನರೊಡನೆ ಇಂಗ್ಲೆಂಡಿಗೆ ಬಂದುದು 1929ರಲ್ಲಿ.

ಕಾಪಬ್ಲಾಂಕಾ ಹಿಡಿದ ಕ್ರಮಕ್ಕೆ ‘ಕ್ವೀನ್ಸ್ ಇಂಡಿಯನ್’ ರಕ್ಷಣೆಯೆಂದು ಹೆಸರು. ಮಂತ್ರಿಯ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಆ ತೆರವಿನಲ್ಲಿ ಒಂಟೆಯನ್ನಿರಿಸಿ, ದೂರದಿಂದಲೇ ಹಲಗೆಯ ನಡುವನ್ನು ಕಾಯುವುದು ಅದರ ಮರ್ಮ. ಐದನೆಯ ನಡೆಯಲ್ಲಿ ಖಾನರು ಮಂತ್ರಿಯ ಕಡೆಯ ಅಂಚಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ಕಾಲಹರಣದಂತೆ ತೋರುವ ನಡೆ. ಆದರೆ ಎದುರಾಳಿಯ ಇನ್ನೊಂದು ಒಂಟೆಯು ಮುಂದೆ ಬಂದು ತಮ್ಮ ಕುದುರೆಯನ್ನು ಕಟ್ಟಿಹಾಕುವ ದಾರಿಯನ್ನು ಅದು ಮುಚ್ಚಿತು. ದೇಶೀಯ ಕ್ರಮದಲ್ಲಿ ಪಳಗಿದ ಕೈಗೆ ಒಂದು ಮನೆಯ ನಡೆ ಅಲ್ಪವೆನಿಸಲಿಲ್ಲವೆಂದು ನನ್ನ ಭಾವನೆ. ಮುಂದೆ ಈ ನಡೆಗೆ ಜಗಜ್ಜೇತರಾದ ಪೆಟ್ರೋಸಿಯನ್, ಕಾಸ್ಪರೋವ್ ಇವರ ಹೆಸರುಗಳು ಸೇರಿದುವು.

ಆಟದ ಮಧ್ಯದಲ್ಲಿ ಕಾಪಬ್ಲಾಂಕಾ ತಮ್ಮ ಎರಡು ಆನೆಗಳನ್ನು ತೆತ್ತು ಖಾನರ ಮಂತ್ರಿಯನ್ನು ಹೊಡೆದರು. ಆದರೆ ಕಾಲಾಳುಗಳು ಗೋಡೆಗಟ್ಟಿದ ಹಲಗೆಯಲ್ಲಿ ಕರಿಯ ಮಂತ್ರಿಗೆ ಒಳಹೊಗುವ ಬಾಗಿಲೇ ದೊರೆಯಲಿಲ್ಲ. 65 ನಡೆಗಳಲ್ಲಿ ಜಯವು ಖಾನರದಾಯಿತು.

ಕಂಠಪಾಠವು ನಿರರ್ಥಕವೆಂದು ನಾನು ಹೇಳಲಾರೆ. ನನಗೆ ಅನ್ನವಿಕ್ಕಿದುದು ಅದೇ. ಆದರೆ ಶಾಸ್ತ್ರದ ಹೆಸರುಗಳನ್ನು ಒಪ್ಪಿಸಲಾರದವನಲ್ಲಿ ವಿದ್ಯೆಯೇ ಇಲ್ಲವೆಂದು ತೀರ್ಮಾನಿಸುವವರು ಆ ಐದನೆಯ ನಡೆಯನ್ನು ಒಮ್ಮೆ ನೋಡಬೇಕು. ಖಾನರು 1929, 1932, 1933ರಲ್ಲಿ ಬ್ರಿಟನ್ನಿನ ಪ್ರಶಸ್ತಿಯನ್ನು ಗೆದ್ದು, ಸ್ವದೇಶಕ್ಕೆ ಮರಳಿ, 1966ರಲ್ಲಿ ತೀರಿಕೊಂಡರು. ವಿಶ್ವ ಚದುರಂಗ ಸಂಸ್ಥೆಯು ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತುದು 2024ರಲ್ಲಿ. ನಮ್ಮ ಶಾಲೆಗಳಲ್ಲಿ ಇಂದು ತಲೆತಗ್ಗಿಸಿ ನಿಂತಿರುವ ಹುಡುಗರು ಅಷ್ಟು ಕಾಲ ಕಾಯಲಾರರು.