ನಾಲ್ಕೇ ತಂತಿಯಾ?

ಬೇಸ್ ಗಿಟಾರ್ ನುಡಿಸುವವರಿಗೆ ಜೀವನದಲ್ಲಿ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಯಾವುದು ಗೊತ್ತಾ? 'ನಾಲ್ಕೇ ತಂತಿಯಾ?' ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗ್ ತೆರೆಸಿ ನೋಡುವ ಸೆಕ್ಯುರಿಟಿಯವರೂ ಕೇಳುತ್ತಾರೆ. ಗಿಟಾರಿಗೆ ಆರು ಇರುತ್ತಲ್ಲ, ಪಾಪ ಇನ್ನೆರಡು ಕಿತ್ತುಹೋಯ್ತೇನೋ ಅನ್ನೋ ಕನಿಕರ ಅವರ ದನಿಯಲ್ಲಿರುತ್ತೆ. ನಮ್ಮ ಬನಶಂಕರಿಯ ಗೆಳೆಯ ಇದಕ್ಕೊಂದು ರೆಡಿ ಉತ್ತರ ಇಟ್ಟುಕೊಂಡಿದ್ದಾನೆ. 'ಬೇಂದ್ರೆಯವರಿಗೆ ನಾಲ್ಕೇ ತಂತಿಗೆ ಜ್ಞಾನಪೀಠ ಬಂತು ಸಾರ್. ನಮಗೂ ಬರುತ್ತೆ, ಸ್ವಲ್ಪ ಲೇಟಾಗಬಹುದು ಅಷ್ಟೆ.'

ನಾವು ಐದು ಜನ. ಐವರೂ ಬೇಸ್ ನುಡಿಸೋರು, ಐವರದ್ದೂ ಬೇರೆ ಬೇರೆ ಬ್ಯಾಂಡು. ಅದು ಹಾಗೇ ಇರಬೇಕು. ಒಂದು ಬ್ಯಾಂಡಿನಲ್ಲಿ ಇಬ್ಬರು ಗಿಟಾರಿಸ್ಟ್ ಇರಬಹುದು, ಮೂವರು ಹಾಡೋರು ಇರಬಹುದು, ಬೇಸ್ ಮಾತ್ರ ಒಬ್ಬನೇ. ತನ್ನ ಕಸುಬಿನ ಕಷ್ಟ ಸುಖ ಗೊತ್ತಿರೋ ಇನ್ನೊಬ್ಬ ಪ್ರಾಣಿ ಆ ಸ್ಟೇಜಿನ ಮೇಲೆ ಇರಲ್ಲ. ಹಾಗಾಗಿ ಇಬ್ಬರು ಬೇಸಿಸ್ಟ್‌ಗಳು ಎಲ್ಲಾದರೂ ಸಿಕ್ಕರೆ, ಹೊರದೇಶದಲ್ಲಿ ಕನ್ನಡ ಕೇಳಿದವರ ಹಾಗೆ ಆಡುತ್ತಾರೆ. ನಾವು ಸಿಕ್ಕಿದ್ದೂ ಹಾಗೇ. ಯಾರದೋ ಶೋ ನೋಡಲು ಹೋಗಿ, ಇಂಟರ್ವಲ್ಲಿನಲ್ಲಿ ಒಬ್ಬರ ಬೆರಳ ತುದಿಯ ಗಂಟು ಇನ್ನೊಬ್ಬರು ನೋಡಿ, 'ನೀವೂ ಬೇಸಾ?' ಅಂತ ಶುರುವಾಗಿದ್ದು. ಈಗ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಜಯನಗರದ ಒಂದು ದರ್ಶಿನಿ ಮುಂದೆ ಸೇರುತ್ತೇವೆ. ಐದು ಜನಕ್ಕೆ ಮೂರು ಬೈಟೂ ಕಾಫಿ. ಮಿಕ್ಕ ಅರ್ಧ ಲೋಟ ಯಾರಿಗೆ ಅನ್ನೋದರ ಮೇಲೆ ಮೊದಲ ಜಗಳ.

ನಮ್ಮ ಮಾತು ಹೊರಗಿನವರು ಕೇಳಿದರೆ ಇವರು ಶತ್ರುಗಳು ಅಂದುಕೊಳ್ಳಬೇಕು. ಒಬ್ಬ ಐದು ತಂತಿಯ ಬೇಸ್ ತಗೊಂಡ. ಅವತ್ತಿನಿಂದ ಅವನ ಹೆಸರು ಪಂಚತಂತ್ರ. 'ನಾಲ್ಕನ್ನೇ ನೆಟ್ಟಗೆ ಟ್ಯೂನ್ ಮಾಡೋಕೆ ಬರಲ್ಲ, ಐದನೇದು ಬಟ್ಟೆ ಒಣಗಿಹಾಕೋಕಾ?' ಅಂತ ಬನಶಂಕರಿಯವನು ಕೇಳಿದ. ಯಾರಾದರೂ ಹೊಸ ತಂತಿ ಹಾಕಿಕೊಂಡು ಬಂದರೆ, ಜೇಮ್ಸ್ ಜೇಮರ್‌ಸನ್ ಹೆಸರು ಹೇಳಿ ಬೈಯುತ್ತೇವೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಆ ಮಹಾನುಭಾವ ತಂತಿ ಬದಲಾಯಿಸುತ್ತಲೇ ಇರಲಿಲ್ಲ ಅನ್ನೋದು ನಮ್ಮ ಜಾತಿಯವರ ಪುರಾಣ. ಮಲ್ಲೇಶ್ವರದ ಗೆಳತಿ ಅಂತೂ ತನ್ನ ಕಾಲೇಜಿನ ದಿನಗಳ ತಂತಿಯನ್ನೇ ಇನ್ನೂ ಇಟ್ಟುಕೊಂಡಿದ್ದಾಳೆ. 'ಉಪ್ಪಿನಕಾಯಿ ಥರ, ಹಳೇದಾದಷ್ಟೂ ರುಚಿ' ಅನ್ನುತ್ತಾಳೆ. ನನ್ನ ಸರದಿಯೂ ಬರುತ್ತೆ. ಆಫೀಸಿನ ಹುಡುಗನೊಬ್ಬ ನನ್ನನ್ನು 'ಬೇಸ್ ಸರ್' ಅಂತ ಕರೆದಿದ್ದು ಹೇಗೋ ಇವರ ಕಿವಿಗೆ ಬಿತ್ತು. ಮುಗೀತು. ಈಗ ನಾನು ಬಂದ ತಕ್ಷಣ ಎಲ್ಲರೂ ಒಟ್ಟಿಗೆ, 'ಬಂದ ನೋಡ್ರೋ, ಬೇಸರ.'

ಆಸೆಪಟ್ಟು ಬೇಸ್ ಆರಿಸಿಕೊಂಡವರು ನಮ್ಮಲ್ಲಿ ಒಬ್ಬಳೇ, ಅದೇ ಮಲ್ಲೇಶ್ವರದವಳು. ಮಿಕ್ಕವರ ಕಥೆ ಒಂದೇ. ಬ್ಯಾಂಡಿಗೆ ಸೇರಿದಾಗ ಗಿಟಾರ್ ಜಾಗ ಆಗಲೇ ಭರ್ತಿಯಾಗಿತ್ತು. ಇದರಲ್ಲಿ ನಾಚಿಕೆಪಡೋದು ಏನೂ ಇಲ್ಲ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ ಬೇಸ್ ಯಾರಿಗೂ ಬೇಡವಾಗಿತ್ತು, ಪಾಲ್ ಮೆಕಾರ್ಟ್ನಿ ಕೊರಳಿಗೆ ಬಿತ್ತು. ಅಮೆರಿಕದ ಕ್ಯಾರೋಲ್ ಕೇ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸಿಕೊಂಡಿದ್ದವರು. 1963ರಲ್ಲಿ ಒಂದು ದಿನ ಬೇಸ್‌ನವರು ರೆಕಾರ್ಡಿಂಗಿಗೆ ಬರಲಿಲ್ಲ ಅಂತ ಅವರ ಜಾಗದಲ್ಲಿ ಕೂತರು. ಆಮೇಲೆ ಏಳಲೇ ಇಲ್ಲ.

ಈ ವಾದ್ಯದ ಕೆಲಸವೇ ಕಾಣದ ಹಾಗಿರೋದು. ಅತಿ ದಪ್ಪ ತಂತಿಯನ್ನು ಸುಮ್ಮನೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಷ್ಟು ತಗ್ಗಿನ ದನಿಯನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಮೇಲಿನ ಒಂದಿಷ್ಟು ಸ್ವರಾಂಶ ಕೇಳಿಸಿಕೊಂಡು, ಕೆಳಗಿನದ್ದನ್ನು ನಮ್ಮ ಮಿದುಳೇ ಊಹಿಸಿ ತುಂಬಿಕೊಳ್ಳುತ್ತೆ. ಅಂದರೆ ನೀವು ಫೋನಿನಲ್ಲಿ ಹಾಡು ಕೇಳುವಾಗ ನಮ್ಮನ್ನು ಅರ್ಧಂಬರ್ಧ ಕಲ್ಪಿಸಿಕೊಳ್ಳುತ್ತಿದ್ದೀರಿ. ಕಚೇರಿಯಲ್ಲಿ ತಂಬೂರಿ ಇಟ್ಟುಕೊಂಡು ಹಿಂದೆ ಕೂತವರ ಮುಖ ಯಾರಿಗೆ ನೆನಪಿರುತ್ತೆ ಹೇಳಿ? ಅದಕ್ಕೂ ನಾಲ್ಕೇ ತಂತಿ. ನಿಂತರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ.

ನಿಲ್ಲುವ ಪ್ರಸಂಗ ನಮ್ಮ ವೈಟ್‌ಫೀಲ್ಡ್ ಗೆಳೆಯನಿಗೆ ಬಂತು.

ಐವರಲ್ಲಿ ನಿಜವಾಗಿ ಚೆನ್ನಾಗಿ ನುಡಿಸುವವನು ಅವನು. ಮಳೆಗಾಲದ ಒಂದು ರಾತ್ರಿ ಪ್ರಾಕ್ಟೀಸ್ ಮುಗಿಸಿ ಬೈಕಿನಲ್ಲಿ ಹೋಗುವಾಗ, ನೀರು ತುಂಬಿದ ಗುಂಡಿಗೆ ಇಳಿಸಿಬಿಟ್ಟ. ಹೆಲ್ಮೆಟ್ ಇತ್ತು, ತಲೆ ಉಳೀತು. ಬೆನ್ನಿಗಿದ್ದ ಬೇಸ್‌ಗೆ ಒಂದು ಗೀರೂ ಬೀಳಲಿಲ್ಲ. ಎಡಗೈ ಉಂಗುರ ಬೆರಳಿನ ಮೂಳೆ ಮುರಿದು, ಅದನ್ನು ಮಡಚುವ ನರದಂಥ ಹುರಿ ತುಂಡಾಗಿತ್ತು. ಆಪರೇಷನ್ ಆಯ್ತು. ವಾರಗಟ್ಟಲೆ ಸ್ಪ್ಲಿಂಟು, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಡಾಕ್ಟರು ನೇರವಾಗಿ ಹೇಳಿದರು. ಲ್ಯಾಪ್‌ಟಾಪ್ ಒತ್ತಬಹುದು, ಗಾಡಿ ಓಡಿಸಬಹುದು. ಆ ಬೆರಳು ಮೊದಲಿನ ಹಾಗೆ ಮಡಚೋದು ಕಷ್ಟ.

ನೋಡಲು ಹೋದವರೆಲ್ಲ ಒಳ್ಳೆಯ ಮಾತೇ ಆಡಿದರು. 'ಎಲ್ಲಾ ಸರಿಹೋಗುತ್ತೆ', 'ಪಾಸಿಟಿವ್ ಆಗಿರು', 'ಏನೋ ದೊಡ್ಡದರಲ್ಲಿ ಹೋಗಬೇಕಾಗಿದ್ದು ಸಣ್ಣದರಲ್ಲಿ ಹೋಯ್ತು'. ಅವನು ಹೂಂ ಹೂಂ ಅನ್ನುತ್ತಿದ್ದ. ಅವನಮ್ಮ ಹೊರಗೆ ಬಂದು, 'ಸರಿಯಾಗಿ ಮಾತೇ ಆಡ್ತಿಲ್ಲ ಕಣಪ್ಪಾ, ನೀವಾದರೂ ಮಾತಾಡಿಸಿ' ಅಂದರು. ನಾವು ನಾಲ್ವರು ಒಳಗೆ ಹೋದೆವು. ಏನು ಹೇಳಬೇಕು ಅಂತ ನನಗಂತೂ ತೋಚಲಿಲ್ಲ. ಪಂಚತಂತ್ರ ಮಂಚದ ಪಕ್ಕ ಸ್ಟೂಲ್ ಎಳಕೊಂಡು ಕೂತು, ಬ್ಯಾಂಡೇಜನ್ನು ಗಂಭೀರವಾಗಿ ನೋಡಿ ಹೇಳಿದ: 'ಜೇಮರ್‌ಸನ್ ಬಲಗೈಯ ಒಂದೇ ಬೆರಳಲ್ಲಿ ಮೀಟಿ ಚರಿತ್ರೆ ಬರೆದ. ನಿನಗೆ ಎಡಗೈಯಲ್ಲೇ ಇನ್ನೂ ಮೂರಿದೆ. ಎಷ್ಟೋ ದಿನದಿಂದ ಹೇಳಬೇಕು ಅಂತಿದ್ದೆ, ನೀನು ತುಂಬಾ ಜಾಸ್ತಿ ನೋಟ್ಸ್ ನುಡಿಸ್ತೀಯಾ ಮಗಾ.'

ಎರಡು ಕ್ಷಣ ಯಾರೂ ಉಸಿರಾಡಲಿಲ್ಲ. ಆಮೇಲೆ ಅವನು ನಕ್ಕ. ನಗುತ್ತಾ ನಗುತ್ತಾ ಅಳು ಬಂತು. 'ಭಯ ಆಗ್ತಿದೆ ಕಣ್ರೋ' ಅಂದ. ಒಂದು ವಾರದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜವಾದ ಮಾತು ಅದು ಅಂತ ಅವನಮ್ಮ ಆಮೇಲೆ ಹೇಳಿದರು.

ನಾನು ಇದರ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ಸಮಾಧಾನ ಹೇಳಿದವರೆಲ್ಲ ಅವನನ್ನು ರೋಗಿ ಅಂತ ನೋಡಿದ್ದರು. ಕಾಲೆಳೆದವನಿಗೆ ಅವನಿನ್ನೂ ಬೇಸಿಸ್ಟೇ ಆಗಿದ್ದ, ಜಾಸ್ತಿ ನೋಟ್ಸ್ ನುಡಿಸೋ ಕೆಟ್ಟ ಚಾಳಿಯ ಬೇಸಿಸ್ಟು. ಅವನಿಗೆ ಬೇಕಾಗಿದ್ದು ಅದು. ಗೆಳೆಯರು ಗೇಲಿ ನಿಲ್ಲಿಸಿ ಮರ್ಯಾದೆ ಕೊಟ್ಟು ಮಾತಾಡಿಸೋಕೆ ಶುರುಮಾಡಿದರೆ, ನಮ್ಮ ಕಥೆ ಮುಗೀತು ಅಂತಲೇ ಅನ್ನಿಸೋದು.

ಅವನ ಬ್ಯಾಂಡಿಗೆ ಆ ಎರಡು ತಿಂಗಳಲ್ಲಿ ಮೂರು ಶೋ ಒಪ್ಪಿಕೊಂಡಾಗಿತ್ತು. ನಾನು ನಿಂತೆ. ಇನ್ನೊಬ್ಬರು ಕಟ್ಟಿದ ಬೇಸ್ ಲೈನ್ ನುಡಿಸೋದು ಇನ್ನೊಬ್ಬರ ಚಪ್ಪಲಿ ಮೆಟ್ಟಿ ನಡೆದ ಹಾಗೆ. ಅವರು ಎಲ್ಲಿ ಭಾರ ಹಾಕುತ್ತಾರೆ ಅಂತ ಕಾಲಿಗೆ ಗೊತ್ತಾಗುತ್ತೆ. ರೆಕಾರ್ಡಿಂಗ್ ಕೇಳಿ ಕೇಳಿ ಕಲಿಯುವಾಗ ಅವನ ಜಾಣತನ ಗೊತ್ತಾಯಿತು. ಹಾಡುವವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಓಡಾಡುತ್ತಿದ್ದ. ಅವಳು ಹಾಡುವಾಗ ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದ. ಜಾಸ್ತಿ ನೋಟ್ಸ್ ಅನ್ನೋ ನಮ್ಮ ಆರೋಪ ಶುದ್ಧ ಸುಳ್ಳು. ಅದನ್ನು ಅವನಿಗೆ ಹೇಳಲಿಲ್ಲ ಅನ್ನಿ.

ಮೂರನೇ ಶೋ ಆದಮೇಲೆ ಆ ಬ್ಯಾಂಡಿನ ಕೀಬೋರ್ಡ್‌ನವರು ನನ್ನನ್ನು ಪಕ್ಕಕ್ಕೆ ಕರೆದರು. 'ಚೆನ್ನಾಗಿ ಸೆಟ್ ಆಗ್ತಿದೆ. ನೀವೇ ಕಂಟಿನ್ಯೂ ಮಾಡಬಾರದಾ? ಅವರಿಗೂ ರೆಸ್ಟ್ ಸಿಗುತ್ತೆ.' ಅವರು ಕೆಟ್ಟವರಲ್ಲ. ಬುಕಿಂಗ್ ಇರುತ್ತೆ, ಅಡ್ವಾನ್ಸ್ ತಗೊಂಡಿರುತ್ತಾರೆ. ಆದರೆ ನಮ್ಮಲ್ಲೊಂದು ಬರೆಯದ ಕಾನೂನಿದೆ: ಬದಲಿಗೆ ಬಂದವನು ಸೀಟಿಗೆ ಟವೆಲ್ ಹಾಕಬಾರದು. ಅವನು ಬರೋವರೆಗೆ ಎಷ್ಟು ಶೋ ಇದ್ದರೂ ನಿಲ್ತೀನಿ, ಜಾಗ ಅವನದೇ ಅಂದೆ. ವಿಷಯ ಹೇಗೋ ಅವನಿಗೆ ಮುಟ್ಟಿತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ತಮಾಷೆಯಿಲ್ಲದ ದನಿ. 'ನೀನೇ ತಗೋ. ನಾನು ಬೇಸ್ ಮಾರ್ತಾ ಇದೀನಿ.'

ಮರುದಿನವೇ ನಾಲ್ವರೂ ಅವನ ಮನೆಗೆ ಹೋದೆವು. ವ್ಯಾಪಾರ ಶುರುವಾಯಿತು. ಬನಶಂಕರಿಯವನು ಐನೂರು ರೂಪಾಯಿ ಅಂದ. ಮಲ್ಲೇಶ್ವರದವಳು ಬ್ಯಾಗಿಗೆ ಮಾತ್ರ ಮುನ್ನೂರು, ಬೇಸ್ ಬೇಡ ಅಂದಳು. ಪಂಚತಂತ್ರ, 'ಮೆಕಾರ್ಟ್ನಿಯ ಕಳುವಾದ ಬೇಸ್ ಐವತ್ತೊಂದು ವರ್ಷ ಆದಮೇಲೆ ವಾಪಸ್ ಬಂತು. 1972ರಲ್ಲಿ ವ್ಯಾನಿಂದ ಕದ್ದಿದ್ದು. ನೀನು ಆರು ತಿಂಗಳಿಗೇ ಗಲ್ಲಾ ಮುಚ್ತೀಯಲ್ಲೋ' ಅಂದ. ಅವನು ನಗಲಿಲ್ಲ. ಈ ಸಲ ಗೇಲಿಯೊಂದೇ ಸಾಲದು ಅಂತ ನಮಗೆಲ್ಲ ಗೊತ್ತಾಯಿತು.

ಕೊನೆಗೆ ದಾರಿ ತೋರಿಸಿದ್ದು ಕೂಕ್ ಟೌನಿನ ಹಿರಿಯರೊಬ್ಬರು. ಎಪ್ಪತ್ತು ದಾಟಿದೆ. ಆಳೆತ್ತರದ ಡಬಲ್ ಬೇಸ್ ನುಡಿಸಿದವರು, ಜೊತೆಗೆ ಎಷ್ಟೋ ವರ್ಷ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್. ಮಲ್ಲೇಶ್ವರದವಳು ಅವರ ಶಿಷ್ಯೆ. ಅವನನ್ನು ಕರಕೊಂಡು ಹೋದೆವು. ಅವರು ಬೆರಳು ನೋಡಿದರು, 'ಇದು ಇಲ್ಲದೇನೇ ನಾನು ನಲವತ್ತು ವರ್ಷ ನುಡಿಸಿದೆ ಮಗೂ' ಅಂದರು. ನಮಗೆ ಅರ್ಥವಾಗಲಿಲ್ಲ. ಅವರ ಕೈಯಲ್ಲಿ ಐದೂ ಬೆರಳು ನೆಟ್ಟಗಿದ್ದವು.

ಡಬಲ್ ಬೇಸ್ ತಂತಿ ತುಂಬಾ ಉದ್ದ. ಕೆಳಗಿನ ಸ್ವರಗಳ ಹತ್ತಿರ ಮನೆಯಿಂದ ಮನೆಗೆ ದೂರ ಜಾಸ್ತಿ, ನಾಲ್ಕು ಬೆರಳಿಗೆ ನಾಲ್ಕು ಮನೆ ಅಂದರೆ ಕೈ ಹರಿಯುತ್ತೆ. ಅದಕ್ಕೆ ಫ್ರಾಂಟ್ಸ್ ಸಿಮಾಂಡ್ಲ್ ಅನ್ನುವ ವಿಯೆನ್ನಾದ ಮೇಷ್ಟ್ರು 19ನೇ ಶತಮಾನದಲ್ಲೇ ಪಾಠದ ಪುಸ್ತಕ ಬರೆದಿದ್ದಾರೆ. ಅದರಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟೇ ಲೆಕ್ಕ. ಒಂದು, ಎರಡು, ನಾಲ್ಕು. ಉಂಗುರ ಬೆರಳು ಕಿರುಬೆರಳಿಗೆ ಆಸರೆಯಾಗಿ ಜೊತೆಗಿರುತ್ತೆ, ಅದಕ್ಕೆ ಬೇರೆ ಕೆಲಸ ಇಲ್ಲ. ನಮ್ಮ ಬೇಸ್ ಗಿಟಾರಿನ ತಂತಿ 34 ಇಂಚು, ಡಬಲ್ ಬೇಸ್‌ಗಿಂತ ಗಿಡ್ಡ. ಆದರೂ ಇದೇ ಕ್ರಮದಲ್ಲಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಜೇಮರ್‌ಸನ್ ಕೂಡ ಡಬಲ್ ಬೇಸ್‌ನಿಂದಲೇ ಬಂದವರು.

'ನೀನು ಹೊಸದಾಗಿ ಕಲಿಯಬೇಕು. ನಿಧಾನ ಆಗುತ್ತೆ. ಆದರೆ ಇದು ಅಂಗವಿಕಲರಿಗೆ ಅಂತ ಮಾಡಿದ ವಿದ್ಯೆ ಅಲ್ಲ, ಎಲ್ಲರೂ ಕಲಿಯೋ ವಿದ್ಯೆ' ಅಂದರು ಹಿರಿಯರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಉಂಗುರ ಬೆರಳು ಯಾತಕ್ಕೆ ಸಾರ್?' ಅಂತ ಕೇಳಿದ. 'ಉಂಗುರಕ್ಕೆ' ಅಂದರು. ಬನಶಂಕರಿಯವನು ತಕ್ಷಣ, 'ಮೊದಲು ಹುಡುಗಿ ಒಪ್ಪಲಿ ಸಾರ್.' ಅವತ್ತು ಅವನು ವಾಪಸ್ ಬೈದ. ನಮಗೆ ಜೀವ ಬಂತು.

ಎಂಟು ತಿಂಗಳು ಹಿಡೀತು. ಪ್ರತಿ ಹಾಡನ್ನೂ ಮತ್ತೆ ಮೊದಲಿನಿಂದ ಬೆರಳಿಗೆ ಹಚ್ಚಿಕೊಂಡ. ಕೈ ನೋಯುವ ದಿನ ನಿಲ್ಲಿಸುತ್ತಿದ್ದ, ಫಿಸಿಯೋಥೆರಪಿಯ ಮೇಡಂ ಮಾತು ಮೀರುತ್ತಿರಲಿಲ್ಲ. ಮೊದಲು ಒಂದು ಕಡೆ ನಿಂತು ನಾಲ್ಕು ಬೆರಳಲ್ಲಿ ಮುಗಿಸುತ್ತಿದ್ದ ಜಾಗಗಳಲ್ಲಿ ಈಗ ಕೈ ಜಾರಿಸಿ ಹೋಗಬೇಕಾಯಿತು. ಆ ಜಾರುವ ಸದ್ದೂ ಹಾಡಿನೊಳಗೆ ಬಂತು. ಕೆಲವು ಸ್ವರ ಬಿಟ್ಟ. ಬಿಟ್ಟಿದ್ದು ಯಾವುದೂ ಯಾರಿಗೂ ಗೊತ್ತಾಗಲಿಲ್ಲ, ಒಬ್ಬರಿಗೆ ಹೊರತು. ಆ ಲೈನುಗಳನ್ನು ಕಲಿತಿದ್ದ ನನಗೆ ಗೊತ್ತಾಗುತ್ತಿತ್ತು. ಒಂದೆರಡು ಜಾಗದಲ್ಲಿ ಈಗ ಸಂಕಟವಾಗುತ್ತೆ. ಮೂರ್ನಾಲ್ಕು ಜಾಗದಲ್ಲಿ ಮೊದಲಿಗಿಂತ ಚೆನ್ನಾಗಿದೆ.

ಅವನು ವಾಪಸ್ ಸ್ಟೇಜ್ ಹತ್ತಿದ ದಿನ ನಾವು ನಾಲ್ವರೂ ಹಿಂದೆ ಗೋಡೆಗೊರಗಿ ನಿಂತಿದ್ದೆವು. ಜನ ಹಾಡುವವಳನ್ನು ನೋಡುತ್ತಿದ್ದರು, ಅದು ಸರಿಯೇ. ನಾವು ಅವನ ಎಡಗೈ ನೋಡುತ್ತಿದ್ದೆವು. ಒಂದು, ಎರಡು, ನಾಲ್ಕು. ಮುಗಿದ ಮೇಲೆ ಹತ್ತಿರ ಬಂದು, ಕಣ್ಣಲ್ಲೇ ಹೇಗಿತ್ತು ಅಂತ ಕೇಳಿದ. ಪಂಚತಂತ್ರ ಅವನ ಹೆಗಲ ಮೇಲೆ ಕೈ ಹಾಕಿ, 'ಈಗಲೂ ಸ್ವಲ್ಪ ಜಾಸ್ತಿನೇ' ಅಂದ.

ಇಷ್ಟೆಲ್ಲ ಓದಿದಿರಿ, ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿರೋ ಒಳ್ಳೇ ಹೆಡ್‌ಫೋನ್ ಹುಡುಕಿ, ಇಳಯರಾಜಾ ಅವರ 'ಗೀತಾ' (1981) ಅಥವಾ 'ಪಲ್ಲವಿ ಅನುಪಲ್ಲವಿ' (1983) ಹಾಡುಗಳನ್ನು ಹಾಕಿ. ನೂರು ಸಲ ಕೇಳಿದ ಹಾಡೇ ಇರುತ್ತೆ. ಈ ಸಲ ದನಿಯನ್ನು ಬಿಟ್ಟು ಕೆಳಗೆ ಏನು ಓಡಾಡುತ್ತಿದೆ ಅಂತ ಕಿವಿಗೊಡಿ. ಅಲ್ಲೊಬ್ಬರು ಇಷ್ಟು ವರ್ಷದಿಂದ ನಿಮಗಾಗಿ ನುಡಿಸುತ್ತಲೇ ಇದ್ದಾರೆ. ಕೇಳಿಸಿದರೆ, ಮುಂದಿನ ಸಲ ನಾವು ಎದುರಿಗೆ ಸಿಕ್ಕಾಗ ನಾಲ್ಕೇ ತಂತಿಯಾ ಅಂತ ಕೇಳಲ್ಲ ತಾನೇ? ಕೇಳಿದರೂ ಪರವಾಗಿಲ್ಲ ಬಿಡಿ, ಉತ್ತರ ರೆಡಿ ಇದೆ.