ಮಂದ್ರದ ಹೊರೆ

ಹಗಲೆಲ್ಲ ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುವ ನಾನು, ತಿಂಗಳಿಗೆರಡು ಶನಿವಾರ ಬೆಂಗಳೂರಿನ ಆರತಕ್ಷತೆಗಳಲ್ಲಿ ಗೆಳೆಯರ ವಾದ್ಯಮೇಳದೊಡನೆ ಬೇಸ್ ಗಿಟಾರ್ ನುಡಿಸುತ್ತೇನೆಂದರೆ ನಂಬುವವರು ಕಡಮೆ. ನುಡಿಸಿದ್ದನ್ನು ಕೇಳಿಸಿಕೊಂಡವರು ಇನ್ನೂ ಕಡಮೆ! ಹಾಡುಗಾರನಿಗೆ ಒಂದು ಮೈಕು ಸಾಕು. ನನಗೋ ನಾಲ್ಕು ಕಿಲೋ ವಾದ್ಯ, ಇಪ್ಪತ್ತು ಕಿಲೋ ಆಂಪ್ಲಿಫೈಯರ್. ಅದನ್ನು ಹೊತ್ತು ಛತ್ರದ ಮೆಟ್ಟಿಲೇರುವಾಗ, ಅಡಿಗೆಯವರ ಕಡೆಯವನೆಂದು ಬಗೆದು ಹಿಂಬಾಗಿಲು ತೋರಿಸಿದವರುಂಟು.

ಇನ್ನು ನಾದದ ಚೇಷ್ಟೆ. ಈ ವಾದ್ಯದ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ನಾದದ ಒಂದು ಅಲೆಯ ಉದ್ದ 8 ಮೀಟರಿಗೂ ಮಿಗಿಲು. ಗೋಡೆಗೆ ಬಡಿದು ಮರಳಿದ ಅಲೆ ಒಂದೆಡೆ ಕೂಡುತ್ತದೆ, ಇನ್ನೊಂದೆಡೆ ಕಳೆಯುತ್ತದೆ. ನಾನು ನಿಂತಲ್ಲಿ ಪಿಸುಮಾತು. ಮೂಲೆಯ ಅಜ್ಜಿಯ ಎದೆಯಲ್ಲಿ ಗುಡುಗು. ಏರಿಸಿದರೆ ಅಜ್ಜಿ ಎದ್ದು ಹೋಗುತ್ತಾರೆ. ಇಳಿಸಿದರೆ ನಾನೇ ಇಲ್ಲ.

ಕಳೆದ ಮಾಗಿಯಲ್ಲಿ ಭುಜದ ನೋವು ಮಿತಿಮೀರಿ, ಇದೇ ಕಡೆಯ ಸಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಹೊರಟೆ. ಮನೆಯಲ್ಲಿ ಹದಿನೈದು ದಿನ ಗಿಟಾರಿನಿಂದ ಕೇಬಲ್ ಕೀಳದೆ ಬಿಟ್ಟಿದ್ದೆ. ಕೇಬಲ್ ಇರುವಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಸವೆಯುತ್ತದೆ. ಎರಡನೆಯ ಹಾಡಿನ ನಡುವೆ ಅದು ಪ್ರಾಣ ಬಿಟ್ಟಿತು. ಹಾಡು ನಿಲ್ಲಲಿಲ್ಲ, ಡ್ರಮ್ಮೂ ನಿಲ್ಲಲಿಲ್ಲ. ಆದರೆ ಕುಣಿಯುತ್ತಿದ್ದ ಮಕ್ಕಳ ಹೆಜ್ಜೆ ತಡವರಿಸಿತು. ಹಾಡುಗಾರ, ಆರು ವರ್ಷದಲ್ಲಿ ಮೊದಲ ಬಾರಿಗೆ, ನನ್ನತ್ತ ತಿರುಗಿ ನೋಡಿದ.

ಆ ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕುತ್ತ ಮನೆಯಾಕೆ, "ಮುಂದಿನ ಶನಿವಾರವೂ ಉಂಟೇ?" ಎಂದಳು.

"ಉಂಟು" ಎಂದೆ. "ಎರಡು ಬ್ಯಾಟರಿ ತರಬೇಕು."