ಲುಂಗಿ, ಗೆಜ್ಜೆ, ಗಿಟಾರ್

ರಾಕ್ ಹಾಡುಗಾರ ಅಂದ್ರೆ ಕಪ್ಪು ಟೀ ಶರ್ಟ್, ಹರಿದ ಜೀನ್ಸ್, ಇಂಗ್ಲಿಷ್ ಹಾಡು. ಶಾಲೆಯಿಂದಲೂ ನಮ್ಮ ತಲೆಯಲ್ಲಿ ಇದ್ದ ಚಿತ್ರ ಇದೇ. ಆದರೆ ರಘು ದೀಕ್ಷಿತ್ ಸ್ಟೇಜಿಗೆ ಬರುವುದು ಬಣ್ಣಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಗಿಟಾರ್ ಹಾಕಿಕೊಂಡು. ಹಾಡುವುದು ಶಿಶುನಾಳ ಶರೀಫರ ತತ್ವಪದ. ಎದುರಿಗೆ ಕುಣಿಯುವವರು ನಮ್ಮ ಹಾಗಿನ ಕಾಲೇಜು ಮಕ್ಕಳು. ಇದು ಎಂತ ವಿಚಿತ್ರ ಮಾರಾಯ್ರೆ ಅಂತ ಅನಿಸಿದ್ದರಿಂದಲೇ ನಾವು ಅವರ ಬಗ್ಗೆ ಓದಲು ಶುರು ಮಾಡಿದ್ದು.

ನಾವು ಅಂದ್ರೆ ಮೂರು ಜನ. ಒಬ್ಬರು ಪುತ್ತೂರು, ಒಬ್ಬರು ಸುಳ್ಯ, ಒಬ್ಬರು ಕಡಬ. ಮನೆಯಲ್ಲಿ ಮಾತಾಡುವುದು ಒಬ್ಬರು ತುಳು, ಒಬ್ಬರು ಅರೆಭಾಷೆ, ಒಬ್ಬರು ಮಲಯಾಳಂ. ಓದಿದ್ದು ಮೂವರೂ ಇಂಗ್ಲಿಷ್ ಮೀಡಿಯಂ. ನಮ್ಮ ಮೂವರನ್ನು ಸೇರಿಸುವ ಭಾಷೆ ಅಂತ ಉಂಟಾದರೆ ಅದು ಕನ್ನಡ. ಆದರೂ ಒಂದು ಬ್ಯಾಂಡ್ ಮಾಡಿದಾಗ ನಾವು ನುಡಿಸಿದ್ದು ಇಂಗ್ಲಿಷ್ ಹಾಡುಗಳ ಕವರ್ ಮಾತ್ರ. ಈ ವರ್ಷದ ಫೆಸ್ಟಿಗೆ ನಮ್ಮದೇ ಒಂದು ಕನ್ನಡ ಹಾಡು ಮಾಡಬೇಕಾ ಬೇಡ್ವಾ ಅಂತ ಎರಡು ತಿಂಗಳಿಂದ ಚರ್ಚೆ ನಡೀತಾ ಉಂಟು. ಆ ಚರ್ಚೆಯಲ್ಲಿ ರಘು ದೀಕ್ಷಿತರ ಹೆಸರು ಬಾರದ ದಿನ ಇಲ್ಲ.

ಅವರ ಕತೆ ಹೀಗೆ. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಲ್ಲಿ. ಚಿಕ್ಕಂದಿನಿಂದ ಕಲಿತದ್ದು ಭರತನಾಟ್ಯ. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ. ಗಿಟಾರ್ ಹಿಡಿದದ್ದು ಮಾತ್ರ ಒಂದು ಪಂಥದಿಂದ. ಗಂಡಸಾಗಿ ಭರತನಾಟ್ಯ ಮಾಡ್ತೀಯಾ ಅಂತ ಕಾಲೇಜಿನಲ್ಲಿ ಒಬ್ಬ ಸಹಪಾಠಿ ಕೆಣಕಿದನಂತೆ. ಅದೇ ಹಟಕ್ಕೆ ಗಿಟಾರ್ ಕಲಿತೆ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕೆಣಕಿದ ಮೇಲೂ ಗೆಜ್ಜೆ ಬಿಚ್ಚಿ ಇಡಲಿಲ್ಲ, ಗಿಟಾರಿನ ಜೊತೆಗೆ ಅದನ್ನೂ ಸ್ಟೇಜಿಗೆ ತಂದರು. ನಮಗೆ ಇಷ್ಟವಾದದ್ದು ಇದೇ.

ಆಮೇಲೆ ಬೆಲ್ಜಿಯಂನಲ್ಲಿ ಕೆಲಸ. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಬಂತು. ಕೆಲಸ ಬಿಟ್ಟು ಊರಿಗೆ ವಾಪಸ್ ಬಂದರು, ಸಂಗೀತವೇ ಸಾಕು ಅಂತ.

ಈ ಕತೆ ನಮ್ಮ ಮನೆಗಳಲ್ಲಿ ಎರಡು ರೀತಿ ಕೇಳಿಸ್ತದೆ. ಅಪ್ಪ ಅಮ್ಮ ಚಿನ್ನದ ಪದಕದ ತನಕ ಕೇಳಿ, "ನೋಡು, ಅವರು ಮೊದಲು ಓದು ಮುಗಿಸಿದ್ರು" ಅಂತಾರೆ. ನಾವು ಕೆಲಸ ಬಿಟ್ಟ ಜಾಗದಿಂದ ಹೇಳಲು ಶುರು ಮಾಡ್ತೇವೆ. ಎರಡು ಕಡೆಯವರೂ ಹಾರಿಸಿಬಿಡುವ ಭಾಗ ಒಂದುಂಟು. ಅದು ನಡುವಿನ ಸುಮಾರು ಹತ್ತು ವರ್ಷ.

1990ರ ದಶಕದ ಕೊನೆಗೆ ಅವರು ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಜೊತೆ 'ಅಂತರಾಗ್ನಿ' ಅನ್ನುವ ತಂಡ ಕಟ್ಟಿದರು. ಅದು ಮುರಿಯಿತು. ಮತ್ತೆ ಮಾಡಿದ್ದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್', ಬೇರೆ ಬೇರೆ ಕಲಾವಿದರು ಬಂದು ಸೇರಬಹುದಾದ ತಂಡ. (ನಮ್ಮ ಮಿನಿ ಪ್ರಾಜೆಕ್ಟಿನ ಹಾಗೆ ಅಲ್ಲ, ಇಲ್ಲಿ ಎಲ್ಲರೂ ಕೆಲಸ ಮಾಡ್ತಾರೆ!) ಆಲ್ಬಂ ಮಾಡಿ ಅಂತ ಮುಂಬೈಯ ಕಂಪನಿಗಳ ಬಾಗಿಲು ತಟ್ಟಿದರು, ವರ್ಷಗಟ್ಟಲೆ ಬೇಡ ಅಂತಲೇ ಉತ್ತರ. ಕೊನೆಗೆ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಲೇಬಲ್‌ನಲ್ಲಿ ಮೊದಲ ಆಲ್ಬಂ ತಂದದ್ದು 2008ರಲ್ಲಿ. ಆಗ ಅವರಿಗೆ ಮೂವತ್ತಮೂರು ದಾಟಿತ್ತು. ಆಮೇಲಿನದ್ದು ಬೇಗ ಬೇಗ ಆಯ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವ, 2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ'.

ಇಂಡಿಪೆಂಡೆಂಟ್ ಅನ್ನುವ ಶಬ್ದ ನಮಗೆ ಸ್ಟೈಲ್ ಆಗಿ ಕೇಳ್ತದೆ. ಆ ಹತ್ತು ವರ್ಷದ ಲೆಕ್ಕ ಹಾಕಿದರೆ ಅದರ ಅರ್ಥ ಬೇರೆ. ಹೌದು ಅಂತ ಹೇಳುವವರು ಯಾರೂ ಇಲ್ಲದಾಗಲೂ ನಾಳೆ ಪ್ರಾಕ್ಟೀಸಿಗೆ ಹೋಗುವುದು. ನಮ್ಮ ಇಡೀ ಇಂಜಿನಿಯರಿಂಗ್ ಎಂಟು ಸೆಮಿಸ್ಟರ್. ಅವರು ಕಾದದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ.

ಇನ್ನು ಶರೀಫರ ವಿಷಯ. ಶರೀಫರು 19ನೇ ಶತಮಾನದವರು, ಶಿಶುನಾಳ ಈಗಿನ ಹಾವೇರಿ ಜಿಲ್ಲೆಯಲ್ಲಿದೆ. ಗುರು ಗೋವಿಂದ ಭಟ್ಟರು, ಶಿಷ್ಯ ಮುಸ್ಲಿಂ. ನಮ್ಮ ಅಪ್ಪ ಅಮ್ಮಂದಿರಿಗೆ ಆ ಪದಗಳು ಗೊತ್ತಿದ್ದದ್ದು ಸಿ. ಅಶ್ವತ್ಥ್ ದನಿಯಲ್ಲಿ. 'ಗುಡುಗುಡಿಯ ಸೇದಿ ನೋಡೋ' ಮೇಲ್ನೋಟಕ್ಕೆ ಹುಕ್ಕಾದ ಹಾಡು, ಒಳಗೆ ಇರುವುದು ಮನಸ್ಸಿನ ಮಾತು. ಅದೇ ಪದಕ್ಕೆ ರಘು ಡ್ರಮ್ಸ್, ಬೇಸ್ ಗಿಟಾರ್, ಪಿಟೀಲು ಸೇರಿಸಿದರು. ಕನ್ನಡ ಅಂದ್ರೆ ಎಕ್ಸಾಮಿನ ಕಂಠಪಾಠ ಪದ್ಯ ಅಂತ ತಿಳಿದಿದ್ದ ನಮ್ಮಂಥವರಿಗೆ, ಇದಕ್ಕೆ ಕುಣಿಯಲೂಬಹುದು ಅಂತ ತೋರಿಸಿದ್ದು ಆ ಹಾಡು.

ಹೀಗೆ ಹಳೆಯದಕ್ಕೆ ಹೊಸತು ಸೇರಿಸುವ ಹುಚ್ಚು ನಮ್ಮ ಕಡೆಗೆ ಹೊಸದೇನೂ ಅಲ್ಲ. ಶಿವರಾಮ ಕಾರಂತರು ದಶಕಗಟ್ಟಲೆ ಇದ್ದದ್ದು ನಮ್ಮ ಪುತ್ತೂರಿನಲ್ಲೇ, ಅವರ ಬಾಲವನ ಈಗಲೂ ಇಲ್ಲೇ ಉಂಟು. ಅಸಹಕಾರ ಚಳವಳಿಗೆ ಅಂತ ಕಾಲೇಜು ಬಿಟ್ಟವರು. ಕಾದಂಬರಿ ಬರೆದರು, ಮೂಕಿ ಚಿತ್ರ ಮಾಡಿದರು, ಯಕ್ಷಗಾನಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನ್ ತಂದರು. ಬೈದವರೂ ಇದ್ದರು. ಗೆಜ್ಜೆ ಕಟ್ಟಿದ ರಾಕ್ ಹಾಡುಗಾರ ಬಾಲವನದ ಗೇಟಿನಲ್ಲಿ ಬಂದು ನಿಂತಿದ್ದರೆ ಕಾರಂತಜ್ಜ ಎರಡು ಮಾತು ಗದರಿ ಆಮೇಲೆ ಒಳಗೆ ಕರೀತಿದ್ರು ಅಂತ ನಮ್ಮ ನಂಬಿಕೆ.

ಹಾಗಾದರೆ ನಾವೂ ಕಾಲೇಜು ಬಿಡುವುದಾ? ಇಲ್ಲ. ಫೀಸ್ ಕಟ್ಟಿದ್ದು ಅಡಿಕೆ, ರಬ್ಬರ್ ಮಾರಿದ ದುಡ್ಡಿನಿಂದ, ಅದು ನಮಗೆ ಗೊತ್ತುಂಟು. ಆದರೆ ಪ್ಲೇಸ್‌ಮೆಂಟ್ ಆದ ಮೇಲೆ ನೋಡುವ ಅಂತ ಮುಂದೆ ಹಾಕಿದ ಹಾಡು ಮತ್ತೆ ಬರುವುದಿಲ್ಲ, ಅದೂ ಗೊತ್ತುಂಟು. ಸೀನಿಯರ್‌ಗಳ ಗಿಟಾರ್ ಕಪಾಟಿನ ಮೇಲೆ ಧೂಳು ಹಿಡಿದದ್ದನ್ನು ನೋಡಿದ್ದೇವೆ. ಅದಕ್ಕೇ ಚರ್ಚೆ ನಿಲ್ಲಿಸಿ ಬರೆಯಲು ಕೂತೆವು.

ಹಾಡು ಕಡಬಕ್ಕೆ ಹೋಗುವ ಕೊನೆಯ ಬಸ್ಸಿನ ಬಗ್ಗೆ. ಪಲ್ಲವಿ ಕನ್ನಡದಲ್ಲಿ, ಒಂದು ಚರಣದಲ್ಲಿ ತುಳು, ಇನ್ನೊಂದರಲ್ಲಿ ಅರೆಭಾಷೆ. ಮೂರನೆಯದಕ್ಕೆ ಮಲಯಾಳಂ ಸಾಲು ಇನ್ನೂ ಕೂರ್ತಾ ಇಲ್ಲ. ರಾಗ ಇದೆ, ತಾಳ ಸ್ವಲ್ಪ ಓಡ್ತದೆ. ಪಿಟೀಲೋ ಚೆಂಡೆಯೋ ನುಡಿಸಲು ಬರುವವರು ಯಾರಾದರೂ ಇದನ್ನು ಓದುತ್ತಾ ಇದ್ದರೆ ಶನಿವಾರ ಲ್ಯಾಬ್ ಮುಗಿದ ಮೇಲೆ ಕನ್ನಡ ಸಂಘದ ರೂಮಿಗೆ ಬನ್ನಿ. ಲುಂಗಿ ಕಡ್ಡಾಯ ಅಲ್ಲ.